ವಿನೋದ ಉದ್ಯಾನಗಳು: ಕೊಯಮತ್ತೂರು–ತಿರುಪ್ಪೂರು ಸೀಮೆ

ತಮಿಳುನಾಡಿನ ಪಶ್ಚಿಮದಂಚಿನ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿ ಜನರ ವಿಹಾರಕ್ಕೂ ಆಟಕ್ಕೂ ಬೆಳೆದುಬಂದ ತಾಣಗಳ ಸಮೂಹ. ಜಾತ್ರೆಯ ಬಯಲು, ಡೇರೆ ಸಿನಿಮಾ, ಅಣೆಕಟ್ಟೆಯ ಕೆಳಗಿನ ತೋಟ, ನಗರಸಭೆಯ ಮಕ್ಕಳ ಉದ್ಯಾನ, ಖಾಸಗಿ ವಾಟರ್ ಪಾರ್ಕು ಮತ್ತು ಮಾಲುಗಳ ಆಟದಂಗಳ ಈ ಬೆಳವಣಿಗೆಯ ಮುಖ್ಯ ಹಂತಗಳು. ಅಮ್ಯೂಸ್‌ಮೆಂಟ್ ಪಾರ್ಕು ಜಗತ್ತಿನ ಹಲವೆಡೆ ಕಡಲತೀರದ ಊರುಗಳಲ್ಲಿ ಹುಟ್ಟಿ ಬೆಳೆಯಿತು. ಈ ಸೀಮೆಗೆ ಕಡಲಿಲ್ಲ. ಇಲ್ಲಿ ಗಿರಣಿಯ ಸಂಬಳ, ಬೆಟ್ಟದ ಬುಡ ಮತ್ತು ಕಟ್ಟಿ ನಿಲ್ಲಿಸಿದ ನೀರು ಸೇರಿ ಕಡಲತೀರದ ಕೆಲಸವನ್ನು ಮಾಡಿವೆ.

ಪ್ರದೇಶ

ಕೊಂಗುನಾಡು ಎಂದು ಹೆಸರಾದ ಈ ಸೀಮೆಯ ಉತ್ತರಕ್ಕೆ ನೀಲಗಿರಿ, ದಕ್ಷಿಣಕ್ಕೆ ಆನೈಮಲೈ ಬೆಟ್ಟಗಳಿವೆ. ಪಶ್ಚಿಮಕ್ಕೆ ಪಾಲಕ್ಕಾಡು ಕಣಿವೆ ಬಾಯ್ದೆರೆದಿದೆ. ಭವಾನಿ, ನೊಯ್ಯಲ್, ಅಮರಾವತಿ ಇಲ್ಲಿಯ ಮುಖ್ಯ ನದಿಗಳು. ಮೂರೂ ಪೂರ್ವಕ್ಕೆ ಹರಿದು ಕಾವೇರಿಯನ್ನು ಸೇರುತ್ತವೆ. ಬೆಟ್ಟದ ಬುಡದಲ್ಲಿ ಹಸಿರು ಸಮೃದ್ಧವಾಗಿದ್ದರೂ ಪೂರ್ವಕ್ಕೆ ಹೋದಂತೆ ನೆಲ ಒಣಗುತ್ತದೆ. ತಿರುಪ್ಪೂರು, ಕಾಂಗೇಯಂ, ಧಾರಾಪುರದ ಕಡೆಯದು ಕಡಿಮೆ ಮಳೆಯ ಬಯಲು.

1799ರಲ್ಲಿ ಟಿಪ್ಪು ಸುಲ್ತಾನನ ಪತನವಾಗುವವರೆಗೆ ಈ ನಾಡು ಮೈಸೂರಿನ ಆಳ್ವಿಕೆಯಲ್ಲಿತ್ತು. ಆಮೇಲೆ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಾಯಿತು. ಕನ್ನಡ ಮಾತಿನ ಕೊಳ್ಳೇಗಾಲ ತಾಲೂಕು 1956ರ ನವೆಂಬರ್ 1ರವರೆಗೆ ಈ ಜಿಲ್ಲೆಗೇ ಸೇರಿತ್ತು. 1979ರಲ್ಲಿ ಈರೋಡು ಭಾಗ ಬೇರೆ ಜಿಲ್ಲೆಯಾಯಿತು. 2009ರಲ್ಲಿ ಕೊಯಮತ್ತೂರು ಮತ್ತು ಈರೋಡು ಜಿಲ್ಲೆಗಳ ತಾಲೂಕುಗಳನ್ನು ಕೂಡಿಸಿ ತಿರುಪ್ಪೂರು ಜಿಲ್ಲೆಯನ್ನು ರಚಿಸಲಾಯಿತು. ದೇವಾಂಗ ನೇಕಾರರು, ಒಕ್ಕಲಿಗರು ಮೊದಲಾದ ಕನ್ನಡ ಮನೆಮಾತಿನ ಸಮುದಾಯಗಳು ಎರಡೂ ಜಿಲ್ಲೆಗಳಲ್ಲಿ ತಲೆಮಾರುಗಳಿಂದ ನೆಲೆಸಿವೆ.

ಕಡಲತೀರದ ಮೂಲ

ವಿನೋದ ಉದ್ಯಾನದ ಆಧುನಿಕ ರೂಪ ಅಮೆರಿಕದ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಗಟ್ಟಿಗೊಂಡಿತು. 1884ರಲ್ಲಿ ಲಾಮಾರ್ಕಸ್ ಥಾಂಪ್ಸನ್ ಅಲ್ಲಿ ಇಳಿಜಾರಿನ ಹಳಿಗಾಡಿಯೊಂದನ್ನು ಓಡಿಸಿದ. ಇಂದಿನ ರೋಲರ್ ಕೋಸ್ಟರಿನ ಪೂರ್ವಜ ಅದು. 1895ರಲ್ಲಿ ಪಾಲ್ ಬಾಯ್ಟನ್ ಸುತ್ತ ಬೇಲಿ ಹಾಕಿ, ಬಾಗಿಲಲ್ಲೇ ಪ್ರವೇಶ ಶುಲ್ಕ ಪಡೆಯುವ ಸೀ ಲಯನ್ ಪಾರ್ಕನ್ನು ತೆರೆದ. ಅದರ ಬೆನ್ನಿಗೆ ಸ್ಟೀಪಲ್‌ಚೇಸ್ (1897), ಲೂನಾ ಪಾರ್ಕ್ (1903), ಡ್ರೀಮ್‌ಲ್ಯಾಂಡ್ (1904) ಬಂದವು. ಮರ ಮತ್ತು ಗಾರೆಯಿಂದ ಕಟ್ಟಿದ ಈ ಬೆಡಗಿನ ಊರುಗಳಿಗೆ ಬೆಂಕಿ ದೊಡ್ಡ ಶತ್ರುವಾಗಿತ್ತು. ಡ್ರೀಮ್‌ಲ್ಯಾಂಡ್ 1911ರಲ್ಲಿ ಸುಟ್ಟುಹೋಯಿತು. 1944ರ ಬೆಂಕಿ ಲೂನಾ ಪಾರ್ಕಿಗೆ ಮುಕ್ತಾಯ ಹಾಡಿತು. 1927ರಲ್ಲಿ ಕಟ್ಟಿದ ಸೈಕ್ಲೋನ್ ಎಂಬ ಮರದ ಕೋಸ್ಟರ್ ಅಲ್ಲಿ ಇನ್ನೂ ಓಡುತ್ತಿದೆ.

ಕೊಯಮತ್ತೂರಿನ ಚರಿತ್ರೆಗೆ ಇನ್ನೂ ಹತ್ತಿರದ ಹೋಲಿಕೆ ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್. ಲ್ಯಾಂಕಷೈರಿನ ಹತ್ತಿ ಗಿರಣಿಗಳು ವರ್ಷಕ್ಕೊಂದು ವಾರ ಊರಿಗೂರೇ ಬಾಗಿಲು ಹಾಕುತ್ತಿದ್ದವು. ಆ ರಜೆಯಲ್ಲಿ ಕಾರ್ಮಿಕರು ಕುಟುಂಬದೊಡನೆ ರೈಲು ಹತ್ತಿ ಕಡಲತೀರಕ್ಕೆ ಹೋಗುತ್ತಿದ್ದರು. 1846ರಲ್ಲಿ ರೈಲು ತಲುಪಿದ ಬ್ಲ್ಯಾಕ್‌ಪೂಲಿನಲ್ಲಿ 1894ರಲ್ಲಿ ಗೋಪುರ ಎದ್ದಿತು, 1896ರಲ್ಲಿ ಪ್ಲೆಷರ್ ಬೀಚ್ ಉದ್ಯಾನ ಆರಂಭವಾಯಿತು. ಗಿರಣಿಯ ರಜೆ, ರೈಲಿನ ಟಿಕೆಟ್ಟು, ದಣಿವಾರಿಸಿಕೊಳ್ಳಲು ಒಂದು ನೀರಿನ ದಡ: ಈ ಮೂರು ಕೂಡಿದಲ್ಲಿ ವಿನೋದ ಉದ್ಯಾನ ನೆಲೆಯೂರುತ್ತದೆ ಎಂಬುದಕ್ಕೆ ಆ ಊರು ಮಾದರಿ. ದಕ್ಷಿಣ ಭಾರತದ ಮ್ಯಾಂಚೆಸ್ಟರ್ ಎಂಬ ಹೆಸರು ಪಡೆದ ಕೊಯಮತ್ತೂರಿಗೆ ಮೊದಲ ಎರಡು ಬೇಗ ದೊರೆತವು. ಮೂರನೆಯದನ್ನು ಅದು ಕಟ್ಟಿಕೊಳ್ಳಬೇಕಾಯಿತು.

ಭಾರತದಲ್ಲಿ ಈ ಉದ್ಯಮ ಕಣ್ಣುಬಿಟ್ಟದ್ದು ತಡವಾಗಿ. ದೆಹಲಿಯ ಪ್ರಗತಿ ಮೈದಾನದಲ್ಲಿ 1984ರ ನವೆಂಬರಿನಲ್ಲಿ ತೆರೆದ ಅಪ್ಪು ಘರ್, ಮುಂಬಯಿಯ ಗೋರಾಯಿಯಲ್ಲಿ 1989ರಲ್ಲಿ ಬಂದ ಎಸ್ಸೆಲ್ ವರ್ಲ್ಡ್ ಮೊದಲ ದೊಡ್ಡ ಯತ್ನಗಳು. ಚೆನ್ನೈಯ ಪೂರ್ವ ಕರಾವಳಿ ರಸ್ತೆಯಲ್ಲಿ ವಿಜಿಪಿ ಗೋಲ್ಡನ್ ಬೀಚ್, ಎಂಜಿಎಂ ಡಿಜ್ಜೀ ವರ್ಲ್ಡ್ ಕಡಲಿಗೆ ಅಂಟಿಕೊಂಡೇ ಬೆಳೆದವು. 1995ರಲ್ಲಿ ಚಿತ್ರ ನಿರ್ಮಾಪಕ ನವೋದಯ ಅಪ್ಪಚ್ಚನ್ ತಾಂಬರಂ ಬಳಿ ಕಿಷ್ಕಿಂಧವನ್ನು ತೆರೆದಾಗ ವಿನೋದ ಉದ್ಯಾನ ಕಡಲದಂಡೆ ಬಿಟ್ಟು ಒಳಕ್ಕೆ ಸರಿಯಿತು. ಕೊಯಮತ್ತೂರು ಆ ಒಳನಾಡಿನ ಹಾದಿಯ ಊರು.

ಜಾತ್ರೆಯಿಂದ ಚಿತ್ರಮಂದಿರಕ್ಕೆ

ಉದ್ಯಾನಗಳು ಬರುವ ಮೊದಲು ಈ ಸೀಮೆಯ ವಿನೋದವೆಲ್ಲ ದೇವಸ್ಥಾನದ ತಿಥಿಗೆ ಕಟ್ಟುಬಿದ್ದಿತ್ತು. ಕೊಯಮತ್ತೂರಿನ ಕೋಣಿಯಮ್ಮನ್ ದೇವಿಯ ಮಾಸಿ ತಿಂಗಳ ತೇರು, ಮರುದಮಲೈಯ ತೈಪೂಸ, ಅವಿನಾಶಿಯ ಚಿತ್ತಿರೈ ತೇರು, ಮೇಟ್ಟುಪಾಳಯದ ಬಳಿ ತೇಕ್ಕಂಪಟ್ಟಿಯಲ್ಲಿ ವನಭದ್ರಕಾಳಿಯಮ್ಮನ ಆಡಿ ತಿಂಗಳ ಕೊಂಡ, ಕಾಂಗೇಯಂ ಕಡೆಯ ಕಣ್ಣಪುರದ ಮಾರಿಜಾತ್ರೆಯೊಡನೆ ನಡೆಯುವ ದನಗಳ ಸಂತೆ ಇವುಗಳಲ್ಲಿ ಪ್ರಸಿದ್ಧವಾದವು. ಕೊಯಮತ್ತೂರಿನ ದೇವಾಂಗರು ವಿಜಯದಶಮಿಯಂದು ಚೌಡೇಶ್ವರಿಯ ಮೆರವಣಿಗೆಯಲ್ಲಿ ಕತ್ತಿಯಿಂದ ಮೈಗೆ ಹೊಡೆದುಕೊಂಡು ದೇವಿಯನ್ನು ಕರೆತರುವ ಆಚರಣೆ ಇಂದಿಗೂ ನಡೆಯುತ್ತದೆ.

ಜಾತ್ರೆಯ ಬಯಲಿನಲ್ಲಿ ಕೈಯಿಂದ ತಿರುಗಿಸುವ ಮರದ ರಾಟೆ, ಗಿರಿಗಿಟ್ಟೆ ಕುದುರೆ, ಬಳೆ ಅಂಗಡಿ, ಗೊಂಬೆಯಾಟ ಬಂದು ಸೇರುತ್ತಿದ್ದವು. ಆಡಿ ತಿಂಗಳಲ್ಲಿ ಹಳ್ಳಿಹಳ್ಳಿಯ ಮರಗಳಿಗೆ ಉಯ್ಯಾಲೆ ಕಟ್ಟುವುದು, ಆಡಿ ಹದಿನೆಂಟರಂದು ಹೊಳೆದಂಡೆಗೆ ಹೋಗುವುದು, ಕಾಣುಂ ಪೊಂಗಲ್ ದಿನ ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊರಡುವುದು ಕೊಂಗುನಾಡಿನ ವಾಡಿಕೆ. ಇಂದು ವಾಟರ್ ಪಾರ್ಕುಗಳು ತುಂಬಿ ತುಳುಕುವ ದಿನಗಳಲ್ಲಿ ಹಲವು ಇದೇ ಪಂಚಾಂಗದವು. 1893ರ ಷಿಕಾಗೋ ಮೇಳದಲ್ಲಿ ಜಾರ್ಜ್ ಫೆರಿಸ್ ನಿಲ್ಲಿಸಿದ 264 ಅಡಿ ಎತ್ತರದ ಉಕ್ಕಿನ ಚಕ್ರದ ವಂಶಕ್ಕೆ ಸೇರಿದ ವಿದ್ಯುತ್ ಚಾಲಿತ ಜೈಂಟ್ ವೀಲ್, ಕೊಲಂಬಸ್ ದೋಣಿ, ಮೋಟಾರ್ ಸೈಕಲ್ ಓಡಿಸುವ ಮೃತ್ಯುಕೂಪ ಜಾತ್ರೆಗಳಿಗೂ ವಸ್ತುಪ್ರದರ್ಶನಗಳಿಗೂ ಆಮೇಲೆ ಬಂದವು. ಮೈಸೂರಿನಲ್ಲಿ 1880ರಿಂದ ನಡೆದುಬಂದ ದಸರಾ ವಸ್ತುಪ್ರದರ್ಶನದಲ್ಲಿ ಕಾಣುವ ಬಗೆಯ ಸಂಚಾರಿ ಆಟಗಳೇ ಇಲ್ಲಿಯ ಬಯಲುಗಳಲ್ಲೂ ಡೇರೆ ಹಾಕುತ್ತವೆ.

ಯಂತ್ರದ ವಿನೋದಕ್ಕೆ ಈ ಊರಿನಲ್ಲಿ ಬುನಾದಿ ಹಾಕಿದವರು ಸಾಮಿಕಣ್ಣು ವಿನ್ಸೆಂಟ್ (1883–1942). ರೈಲ್ವೆಯಲ್ಲಿ ಗುಮಾಸ್ತರಾಗಿದ್ದ ಅವರು 1905ರಲ್ಲಿ ತಿರುಚ್ಚಿಯಲ್ಲಿ ಡ್ಯುಪಾಂಟ್ ಎಂಬ ಫ್ರೆಂಚನಿಂದ ಪ್ರೊಜೆಕ್ಟರನ್ನೂ ಚಿತ್ರಗಳನ್ನೂ ಕೊಂಡು, ಡೇರೆ ಹೊತ್ತು ಊರೂರು ಸುತ್ತಿ ಸಿನಿಮಾ ತೋರಿಸಿದರು. 1914ರಲ್ಲಿ ಕೊಯಮತ್ತೂರಿನಲ್ಲಿ ವೆರೈಟಿ ಹಾಲ್ ಎಂಬ ಕಾಯಂ ಚಿತ್ರಮಂದಿರವನ್ನು ಕಟ್ಟಿಸಿದರು. ದಕ್ಷಿಣ ಭಾರತದ ಮೊದಮೊದಲ ಚಿತ್ರಮಂದಿರಗಳಲ್ಲಿ ಅದೊಂದು. ಆ ಬೀದಿಗೆ ಇಂದಿಗೂ ಅದೇ ಹೆಸರು. ದೇವರ ತಿಥಿಗೆ ಕಾಯದೆ, ಟಿಕೆಟ್ಟು ಕೊಂಡು, ಯಾವ ಸಂಜೆಯಾದರೂ ಹೋಗಬಹುದಾದ ವಿನೋದ ಇಲ್ಲಿಂದ ಮೊದಲಾಯಿತು. ಮುಂದೆ ಸೆಂಟ್ರಲ್ ಸ್ಟುಡಿಯೋ, ಪಕ್ಷಿರಾಜ ಸ್ಟುಡಿಯೋಗಳಿಂದಾಗಿ ಊರು ಚಿತ್ರ ತಯಾರಿಕೆಯ ಕೇಂದ್ರವೂ ಆಯಿತು.

ಟಿಕೆಟ್ಟಿಗೆ ಬೇಕಾದ ಕಾಸು ಗಿರಣಿಗಳಿಂದ ಬಂತು. 1888ರಲ್ಲಿ ರಾಬರ್ಟ್ ಸ್ಟೇನ್ಸ್ ಮೊದಲ ನೂಲಿನ ಗಿರಣಿಯನ್ನು ಸ್ಥಾಪಿಸಿದ್ದ. 1930ರ ದಶಕದಲ್ಲಿ ನೀಲಗಿರಿಯ ಪೈಕಾರಾ ವಿದ್ಯುತ್ತು ದೊರೆತ ಮೇಲೆ ಗಿರಣಿಗಳು ಸಾಲುಸಾಲಾಗಿ ಎದ್ದವು. ಪಂಪು ಮತ್ತು ಮೋಟಾರು ಕಾರ್ಖಾನೆಗಳು ಹಿಂಬಾಲಿಸಿದವು. ವಾರದ ರಜೆ, ತಿಂಗಳ ಸಂಬಳ, ದೀಪಾವಳಿ ಬೋನಸ್ಸು ಇರುವ ದೊಡ್ಡ ಜನವರ್ಗವೊಂದು ಹೀಗೆ ರೂಪುಗೊಂಡಿತು.

ಬೆಟ್ಟದ ರೈಲು

ಕೊಯಮತ್ತೂರು ಜಿಲ್ಲೆಯ ಮೇಟ್ಟುಪಾಳಯಕ್ಕೆ 1873ರಲ್ಲಿ ರೈಲು ಬಂತು. ಅಲ್ಲಿಂದ ಕೂನೂರಿಗೆ 1899ರಲ್ಲಿ, ಊಟಿಗೆ 1908ರಲ್ಲಿ ಹಲ್ಲುಹಳಿಯ ಬೆಟ್ಟದ ರೈಲು ತಲುಪಿತು. 46 ಕಿಲೋಮೀಟರಿನ ಈ ಮಾರ್ಗ 2005ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ದೊರೆಗಳ ಬೇಸಿಗೆ ಬಿಡಾರಕ್ಕೆಂದು ಹಾಕಿದ ಹಳಿ ಸ್ವಾತಂತ್ರ್ಯಾನಂತರ ಜನಸಾಮಾನ್ಯರ ಪ್ರವಾಸದ ದಾರಿಯಾಯಿತು. ಊಟಿಗೆ ಹೋಗುವ ಬಹುಪಾಲು ಪ್ರವಾಸಿಗರು ಮೇಟ್ಟುಪಾಳಯವನ್ನು ಹಾದೇ ಹೋಗಬೇಕಾದ್ದರಿಂದ, ಅಡಿಕೆ ತೋಟ ಮತ್ತು ಆಲೂಗಡ್ಡೆ ಮಂಡಿಗಳ ಈ ಪೇಟೆ ಮುಂದೆ ವಾಟರ್ ಪಾರ್ಕಿಗೂ ತಕ್ಕ ಜಾಗವೆನಿಸಿತು.

ಅಣೆಕಟ್ಟೆಯ ತೋಟಗಳು

ಮೈಸೂರಿನ ಕನ್ನಂಬಾಡಿ ಕಟ್ಟೆಯ ಕೆಳಗೆ ದಿವಾನ ಸರ್ ಮಿರ್ಜಾ ಇಸ್ಮಾಯಿಲ್ ಅವರ ಆಸಕ್ತಿಯಿಂದ 1932ರ ಹೊತ್ತಿಗೆ ಸಿದ್ಧವಾದ ಬೃಂದಾವನ, ನೀರಾವರಿ ಕಾಮಗಾರಿಯೂ ನೋಡುವ ತಾಣವಾಗಬಲ್ಲುದು ಎಂದು ತೋರಿಸಿಕೊಟ್ಟಿತು. ಸ್ವಾತಂತ್ರ್ಯದ ನಂತರ ದಕ್ಷಿಣದ ಹಲವು ಅಣೆಕಟ್ಟೆಗಳ ಬುಡದಲ್ಲಿ ಹೂತೋಟ, ಕಾರಂಜಿ, ಮಕ್ಕಳ ಜಾರುಬಂಡೆ ಕಾಣಿಸಿಕೊಂಡವು. ಆಗ ಕೊಯಮತ್ತೂರು ಜಿಲ್ಲೆಯಲ್ಲೇ ಇದ್ದ, ಈಗ ಈರೋಡಿಗೆ ಸೇರಿದ ಭವಾನಿಸಾಗರ 1950ರ ದಶಕದ ನಡುಭಾಗದಲ್ಲಿ ಪೂರ್ಣವಾಯಿತು. ಅದರ ಕೆಳಗಿನ ಉದ್ಯಾನಕ್ಕೆ ಸತ್ಯಮಂಗಲ, ಮೇಟ್ಟುಪಾಳಯ, ಗೋಬಿಯ ಕಡೆಯ ಜನ ಇಂದಿಗೂ ಬರುತ್ತಾರೆ.

ಉಡುಮಲೈಪೇಟೆಯ ದಕ್ಷಿಣಕ್ಕೆ, ಇಂದಿನ ತಿರುಪ್ಪೂರು ಜಿಲ್ಲೆಯಲ್ಲಿ, ಕೆ. ಕಾಮರಾಜರು ಮುಖ್ಯಮಂತ್ರಿಯಾಗಿದ್ದಾಗ 1957ರಲ್ಲಿ ಅಮರಾವತಿ ಅಣೆಕಟ್ಟೆ ಮುಗಿಯಿತು. ಅದರ ಪಕ್ಕದಲ್ಲಿ ಉದ್ಯಾನವೂ, 1970ರ ದಶಕದ ನಡುವೆ ಶುರುವಾದ ಮೊಸಳೆ ಸಾಕಣೆ ಕೇಂದ್ರವೂ ಇವೆ. ನಶಿಸುತ್ತಿದ್ದ ಮಗ್ಗರ್ ಮೊಸಳೆಗಳ ಮೊಟ್ಟೆ ಒಡೆಸಿ ಮರಿ ಬೆಳೆಸಲೆಂದು ಆರಂಭಿಸಿದ ಈ ಕೇಂದ್ರ ಕ್ರಮೇಣ ಶಾಲಾ ಪ್ರವಾಸಗಳ ಕಾಯಂ ನಿಲುಗಡೆಯಾಯಿತು.

ಪರಂಬಿಕುಳಂ–ಆಳಿಯಾರ್ ಯೋಜನೆ ಇನ್ನೆರಡು ತಾಣಗಳನ್ನು ಕೊಟ್ಟಿತು. ಪೊಳ್ಳಾಚಿಯಿಂದ ವಾಲ್ಪಾರೈಗೆ ಹೋಗುವ ದಾರಿಯಲ್ಲಿ, 1959–69ರ ಅವಧಿಯಲ್ಲಿ ಕಟ್ಟಿದ ಆಳಿಯಾರ್ ಅಣೆಕಟ್ಟೆ ಮತ್ತು ಉದ್ಯಾನವಿದೆ; ಸ್ವಲ್ಪ ಮೇಲೆ ಮಂಕಿ ಫಾಲ್ಸ್ ಎಂದು ಕರೆಯುವ ಜಲಪಾತ. ಉಡುಮಲೈಪೇಟೆಯ ತಿರುಮೂರ್ತಿ ಬೆಟ್ಟದ ಬುಡದಲ್ಲಿ ಅಮಣಲಿಂಗೇಶ್ವರ ಗುಡಿ, ಮೇಲೆ ಪಂಚಲಿಂಗ ಜಲಪಾತ, ಕೆಳಗೆ ಜಲಾಶಯ ಒಟ್ಟಿಗೆ ಇವೆ. ದೇವರ ದರ್ಶನ, ಜಲಪಾತದ ಸ್ನಾನ, ಜಲಾಶಯದ ನೋಟ ಒಂದೇ ದಿನದಲ್ಲಿ ಮುಗಿಯುವ ಈ ಕಟ್ಟಲೆ ಕೊಂಗುನಾಡಿನ ಮಧ್ಯಮ ವರ್ಗದ ಪ್ರವಾಸದ ಮಾದರಿಯಾಗಿ ನಿಂತಿತು.

ರಾಜ್ಯದ ಗಡಿಯಾಚೆಯ ಮಲಂಪುಳವನ್ನು ಈ ಚರಿತ್ರೆಯಿಂದ ಬಿಡುವಂತಿಲ್ಲ. ಪಾಲಕ್ಕಾಡಿನ ಈ ಅಣೆಕಟ್ಟೆಯನ್ನು 1955ರಲ್ಲಿ ಉದ್ಘಾಟಿಸಿದಾಗ ಅದು ಮದರಾಸು ರಾಜ್ಯದಲ್ಲೇ ಇತ್ತು. ಅಲ್ಲಿಯ ಉದ್ಯಾನ, ಕಾನಾಯಿ ಕುಂಞಿರಾಮನ್ 1969ರಲ್ಲಿ ಕೆತ್ತಿದ ಯಕ್ಷಿಯ ಬೃಹತ್ ವಿಗ್ರಹ, ರೋಪ್‌ವೇ ಮತ್ತು ಫ್ಯಾಂಟಸಿ ಪಾರ್ಕಿಗೆ ಕೊಯಮತ್ತೂರಿನಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದು.

ನಗರದ ಉದ್ಯಾನ

ಕೊಯಮತ್ತೂರು ನಗರದೊಳಗೆ ಮಕ್ಕಳ ವಿಹಾರಕ್ಕೆ ಬಹುಕಾಲ ಆಸರೆಯಾಗಿದ್ದದ್ದು ನೆಹರು ಸ್ಟೇಡಿಯಂ ಬಳಿಯ ವ.ಉ.ಚಿ. ಉದ್ಯಾನ. ಸ್ವಾತಂತ್ರ್ಯ ಹೋರಾಟಗಾರ ವ.ಉ. ಚಿದಂಬರಂ ಪಿಳ್ಳೈ ಅವರ ಹೆಸರಿನ ಈ ಉದ್ಯಾನದಲ್ಲಿ 1965ರಲ್ಲಿ ಮೃಗಾಲಯ ಶುರುವಾಯಿತು. ಪುಟಾಣಿ ರೈಲು, ಉಯ್ಯಾಲೆ, ಪಕ್ಷಿಗಳ ಪಂಜರ, ಪಕ್ಕದ ಮೈದಾನದ ವಸ್ತುಪ್ರದರ್ಶನ ಮತ್ತು ಸರ್ಕಸ್ಸು ಸೇರಿ ಅದು ಹಲವು ತಲೆಮಾರುಗಳ ಭಾನುವಾರವಾಗಿತ್ತು. ಪ್ರವೇಶದ ದರ ಕಡಿಮೆ. ಸಿಟಿ ಬಸ್ಸಿನಲ್ಲೇ ತಲುಪಬಹುದಿತ್ತು. ಇಕ್ಕಟ್ಟಾದ ಜಾಗದಲ್ಲಿ ಪ್ರಾಣಿಗಳನ್ನು ಇಡುವುದು ಹೊಸ ನಿಯಮಗಳಿಗೆ ಹೊಂದಲಿಲ್ಲ. ಕೇಂದ್ರ ಮೃಗಾಲಯ ಪ್ರಾಧಿಕಾರ 2022ರಲ್ಲಿ ಮಾನ್ಯತೆಯನ್ನು ರದ್ದುಪಡಿಸಿತು.

ಚಿದಂಬರಂ ಪಿಳ್ಳೈ 1908ರಿಂದ 1910ರವರೆಗೆ ಸೆರೆಯಲ್ಲಿದ್ದು ಎತ್ತಿನಂತೆ ಗಾಣ ಎಳೆದದ್ದು ಇದೇ ಊರಿನ ಕೇಂದ್ರ ಕಾರಾಗೃಹದಲ್ಲಿ. 2010ರ ಜೂನ್‌ನಲ್ಲಿ ಕೊಯಮತ್ತೂರಿನಲ್ಲಿ ನಡೆದ ವಿಶ್ವ ಶಾಸ್ತ್ರೀಯ ತಮಿಳು ಸಮ್ಮೇಳನದ ಸಂದರ್ಭದಲ್ಲಿ, ಆ ಕಾರಾಗೃಹದ ಆವರಣದಲ್ಲಿ ಸೆಮ್ಮೊಳಿ ಪೂಂಗಾ ಎಂಬ ಸಸ್ಯೋದ್ಯಾನ ಮಾಡುವ ಮಾತು ಹುಟ್ಟಿತು. ಗಾಂಧಿಪುರದ ಆ ಜಾಗದ 45 ಎಕರೆಯಲ್ಲಿ ಉದ್ಯಾನ ಸಿದ್ಧವಾಗಿ 2025ರ ನವೆಂಬರಿನಲ್ಲಿ ತೆರೆಯಿತು.

ವಾಟರ್ ಪಾರ್ಕುಗಳು

1990ರ ದಶಕದ ಆರ್ಥಿಕ ಬದಲಾವಣೆಯ ನಂತರ ಖಾಸಗಿ ಬಂಡವಾಳ ಈ ಕ್ಷೇತ್ರಕ್ಕೆ ಬಂತು. ಕೊಯಮತ್ತೂರಿನ ಮೂರು ಹೆಬ್ಬಾಗಿಲುಗಳಲ್ಲಿ ಮೂರು ಪಾರ್ಕುಗಳು ನೆಲೆಯೂರಿದವು.

ಮೇಟ್ಟುಪಾಳಯದಿಂದ ಊಟಿಗೆ ಹೋಗುವ ರಸ್ತೆಯಲ್ಲಿ, ನೀಲಗಿರಿಯ ಬುಡದಲ್ಲಿರುವ ಬ್ಲ್ಯಾಕ್ ಥಂಡರ್ ಇವುಗಳಲ್ಲಿ ಹೆಚ್ಚು ಹೆಸರಾದದ್ದು. ಕೊಯಮತ್ತೂರಿನಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರ್. ಅಲೆಕೊಳ, ನೀರಿನ ಜಾರುಬಂಡೆಗಳು, ಟ್ಯೂಬಿನಲ್ಲಿ ಕೂತು ತೇಲುವ ಕಾಲುವೆ, ಮಕ್ಕಳ ಕೊಳ, ಒಣನೆಲದ ಯಂತ್ರದಾಟಗಳು, ತಂಗುವ ಕೋಣೆಗಳು ಇಲ್ಲಿವೆ. ಹಿನ್ನೆಲೆಗೆ ಬೆಟ್ಟದ ಗೋಡೆ ಇರುವುದು ಇದರ ವೈಶಿಷ್ಟ್ಯ. ಊಟಿಗೆ ಹೋಗುವವರು ಒಂದು ದಿನ ಇಲ್ಲಿ ಕಳೆಯುತ್ತಾರೆ. ಊಟಿಯ ಚಳಿಯಿಂದ ಇಳಿದವರು ಬಯಲಿನ ಸೆಖೆಗೆ ಇಲ್ಲಿ ನೀರಿಗಿಳಿಯುತ್ತಾರೆ. ಮೇ ತಿಂಗಳಲ್ಲಿ ಊಟಿಯ ಪುಷ್ಪ ಪ್ರದರ್ಶನದ ಹೊತ್ತು, ಶಾಲೆಗಳ ಬೇಸಿಗೆ ರಜೆ ಮತ್ತು ಬಯಲುಸೀಮೆಯ ಬಿಸಿಲು ಒಟ್ಟಿಗೆ ಬರುವುದರಿಂದ ಅದೇ ಇದರ ದೊಡ್ಡ ಸುಗ್ಗಿ.

ನಗರದ ಪಶ್ಚಿಮಕ್ಕೆ, ಪೇರೂರಿನಿಂದ ಸಿರುವಾಣಿಗೆ ಹೋಗುವ ರಸ್ತೆಯಲ್ಲಿ ಕೋವೈ ಕೊಂಡಾಟ್ಟಂ ಇದೆ. ಪೇರೂರಿನ ಪಟ್ಟೀಶ್ವರ ದೇವಾಲಯ, ಸಿರುವಾಣಿ ಬುಡದ ಕೋವೈ ಕುಟ್ರಾಲಂ ಜಲಪಾತ ಇದೇ ದಿಕ್ಕಿನವಾದ್ದರಿಂದ ಮೂರನ್ನೂ ಸೇರಿಸಿ ನೋಡುವವರು ಹೆಚ್ಚು. ಪೂರ್ವಕ್ಕೆ, ಅವಿನಾಶಿ ರಸ್ತೆಯ ನೀಲಂಬೂರಿನಲ್ಲಿ ಮಹಾರಾಜ ಪಾರ್ಕು ಇದೆ. ವಿಮಾನ ನಿಲ್ದಾಣದಾಚೆಗಿನ ಈ ಜಾಗ ತಿರುಪ್ಪೂರಿನ ಜನರಿಗೂ ಹತ್ತಿರ. ಬೆಟ್ಟದ ದಾರಿಯಲ್ಲೊಂದು, ಜಲಪಾತದ ದಾರಿಯಲ್ಲೊಂದು, ಹೆದ್ದಾರಿಯಲ್ಲೊಂದು ಎಂಬ ಈ ಹಂಚಿಕೆಯನ್ನು ನೋಡಿದರೆ, ಮೊದಲೇ ಜನ ಓಡಾಡುತ್ತಿದ್ದ ಹಾದಿಗಳನ್ನೇ ಪಾರ್ಕುಗಳು ಹಿಡಿದವೆಂಬುದು ಸ್ಪಷ್ಟ.

ಸ್ಪರ್ಧೆ ಕೇರಳ, ಕರ್ನಾಟಕ ಎರಡೂ ಕಡೆಯಿಂದ ಬಂತು. ಉದ್ಯಮಿ ಕೊಚ್ಚೌಸೇಪ್ ಚಿಟ್ಟಿಲಪ್ಪಿಳ್ಳಿ ಅವರು ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡನ್ನೂ, ಬೆಂಗಳೂರಿನ ಬಿಡದಿ ಬಳಿ 2005ರಲ್ಲಿ ವಂಡರ್‌ಲಾವನ್ನೂ ತೆರೆದರು. ಕೊಚ್ಚಿಯ ಪಾರ್ಕೂ ಆಮೇಲೆ ವಂಡರ್‌ಲಾ ಹೆಸರನ್ನೇ ತಳೆಯಿತು. ದೊಡ್ಡ ಕಂಪನಿಯ ಯಂತ್ರದಾಟಗಳ ಮುಂದೆ ಕೊಯಮತ್ತೂರಿನ ಪಾರ್ಕುಗಳು ನೀರಿನಾಟಕ್ಕೂ ಊಟಿಯ ಸಾಮೀಪ್ಯಕ್ಕೂ ಒತ್ತು ಕೊಟ್ಟು ಉಳಿದುಕೊಂಡಿವೆ. ಶಾಲಾ ಕಾಲೇಜುಗಳ ಪ್ರವಾಸ, ಕಂಪನಿಗಳ ವಾರ್ಷಿಕ ವಿಹಾರ ಮತ್ತು ಕೇರಳದ ಪಾಲಕ್ಕಾಡು ಕಡೆಯ ಕುಟುಂಬಗಳು ಇವುಗಳ ಮುಖ್ಯ ಗಿರಾಕಿಗಳು.

ಅಲೆಕೊಳ ಕೆಲಸ ಮಾಡುವ ಬಗೆ

ಕಡಲಿಲ್ಲದ ಊರಿಗೆ ಕಡಲನ್ನು ತಂದ ಯಂತ್ರ ಅಲೆಕೊಳ. ಬುಡಾಪೆಸ್ಟಿನ ಗೆಲ್ಲರ್ಟ್ ಸ್ನಾನಗೃಹದಲ್ಲಿ 1927ರಲ್ಲೇ ಇಂಥದೊಂದು ಕೊಳವಿತ್ತು. ಅಮೆರಿಕದ ಮರುಭೂಮಿ ರಾಜ್ಯವಾದ ಅರಿಜೋನಾದ ಟೆಂಪಿಯಲ್ಲಿ 1969ರಲ್ಲಿ ತೆರೆದ ಬಿಗ್ ಸರ್ಫ್, ದೊಡ್ಡ ಅಲೆಗಳನ್ನು ಒಳನಾಡಿನಲ್ಲೂ ಎಬ್ಬಿಸಬಹುದೆಂದು ತೋರಿಸಿತು. ಫ್ಲಾರಿಡಾದ ಒರ್ಲಾಂಡೋದಲ್ಲಿ 1977ರಲ್ಲಿ ಆರಂಭವಾದ ವೆಟ್ ಅಂಡ್ ವೈಲ್ಡ್ ಇಂದಿನ ವಾಟರ್ ಪಾರ್ಕಿನ ಅಚ್ಚನ್ನು ರೂಪಿಸಿತು.

ಕೊಳದ ಒಂದು ತುದಿಯಲ್ಲಿ ನೆಲ ಕಡಲದಂಡೆಯಂತೆ ಇಳಿಜಾರಾಗಿ ಮೇಲೇರುತ್ತದೆ. ಇನ್ನೊಂದು ತುದಿ ಆಳ. ಆಳದ ತುದಿಯ ಗೋಡೆಯ ಹಿಂದೆ ನೀರು ತುಂಬಿದ ಕೋಣೆಗಳಿರುತ್ತವೆ. ದೊಡ್ಡ ಬ್ಲೋವರುಗಳು ಆ ಕೋಣೆಗಳಿಗೆ ಗಾಳಿಯನ್ನು ನುಗ್ಗಿಸಿ ನೀರನ್ನು ಕೆಳಕ್ಕೆ ಒತ್ತಿದಾಗ, ಆ ನೀರು ಗೋಡೆಯಡಿಯಿಂದ ಕೊಳಕ್ಕೆ ತಳ್ಳಿಕೊಂಡು ಅಲೆಯಾಗಿ ಏಳುತ್ತದೆ. ಗಾಳಿ ಬಿಟ್ಟಾಗ ನೀರು ಮತ್ತೆ ಕೋಣೆಗೆ ಏರುತ್ತದೆ. ಕವಾಟಗಳನ್ನು ತೆರೆದು ಮುಚ್ಚುವ ಲಯವನ್ನು ಬದಲಿಸಿದರೆ ಅಲೆಯ ಬಗೆಯೂ ಬದಲಾಗುತ್ತದೆ. ವಿದ್ಯುತ್ ಖರ್ಚು ಹೆಚ್ಚಾದ್ದರಿಂದಲೂ ಈಜುವವರಿಗೆ ವಿಶ್ರಾಂತಿ ಬೇಕಾದ್ದರಿಂದಲೂ ಅಲೆಯನ್ನು ಸದಾ ಓಡಿಸದೆ, ಸೈರನ್ ಕೂಗಿಸಿ ಸ್ವಲ್ಪ ಹೊತ್ತು ಮಾತ್ರ ಬಿಡುವುದು ರೂಢಿ.

ಜಾರುಬಂಡೆಗಳು ಫೈಬರ್ ಗ್ಲಾಸಿನ ತುಂಡುಗಳನ್ನು ಬೋಲ್ಟು ಹಾಕಿ ಜೋಡಿಸಿದ ಕಾಲುವೆಗಳು. ಪಂಪುಗಳು ನೀರನ್ನು ಗೋಪುರದ ತುದಿಗೆ ಏರಿಸುತ್ತವೆ. ತೆಳುವಾಗಿ ಹರಿಯುವ ಆ ನೀರು ಘರ್ಷಣೆಯನ್ನು ತಗ್ಗಿಸುತ್ತದೆ. ಕೆಳಗೆ ಸೇರಿದ ನೀರು ಮರಳಿನ ಫಿಲ್ಟರು ಮತ್ತು ಕ್ಲೋರಿನ್ನಿನ ಮೂಲಕ ಹಾದು ಮತ್ತೆ ಮೇಲಕ್ಕೆ ಹೋಗುತ್ತದೆ. ಭಾರತದ ವಾಟರ್ ಪಾರ್ಕುಗಳಲ್ಲಿ ಸಾಮಾನ್ಯವಾಗಿ ಹತ್ತಿ ಬಟ್ಟೆಯಲ್ಲಿ ನೀರಿಗಿಳಿಯಲು ಬಿಡುವುದಿಲ್ಲ, ಅದರ ನೂಲಿನ ಎಳೆಗಳು ಫಿಲ್ಟರಿನಲ್ಲಿ ಕಟ್ಟಿಕೊಳ್ಳುತ್ತವೆ. ಹತ್ತಿ ನೂಲಿಗೂ ಬನಿಯನ್ನಿಗೂ ಹೆಸರಾದ ನಾಡಿನಲ್ಲಿ ಜನ ನೈಲಾನ್ ಉಡುಪನ್ನು ಬಾಡಿಗೆಗೆ ಪಡೆದು ಕೊಳಕ್ಕಿಳಿಯುತ್ತಾರೆ.

ತಿರುಪ್ಪೂರು ಜಿಲ್ಲೆ

ಬನಿಯನ್ ಮತ್ತು ಟೀ ಷರ್ಟುಗಳ ರಫ್ತಿನಿಂದ ಜಗತ್ತಿಗೆ ಪರಿಚಿತವಾದ ತಿರುಪ್ಪೂರಿನಲ್ಲಿ ದುಡಿಯುವ ಜನ ಲಕ್ಷಗಟ್ಟಲೆ ಇದ್ದರೂ ಕೊಯಮತ್ತೂರಿನಂತೆ ಹೆಸರಾದ ದೊಡ್ಡ ವಾಟರ್ ಪಾರ್ಕು ಬೆಳೆಯಲಿಲ್ಲ. ಕೊಯಮತ್ತೂರಿನ ಪಾರ್ಕುಗಳು ಗಂಟೆಯೊಳಗಿನ ದೂರದಲ್ಲಿರುವುದು ಒಂದು ಕಾರಣ. ಹೊರಜಿಲ್ಲೆ ಹೊರರಾಜ್ಯಗಳಿಂದ ಬಂದ ಕಾರ್ಮಿಕರು ದೊಡ್ಡ ಸಂಖ್ಯೆಯಲ್ಲಿದ್ದು, ಹಬ್ಬದ ದೀರ್ಘ ರಜೆಯಲ್ಲಿ ಅವರು ಊರಿಗೆ ಮರಳುವುದು ಇನ್ನೊಂದು. ಅವರಿಗೆ ಉಳಿಯುವುದು ಭಾನುವಾರ. ಅದು ಸಿನಿಮಾ, ಸಂತೆ ಮತ್ತು ಮೊಬೈಲಿನಲ್ಲಿ ಕಳೆಯುತ್ತದೆ.

ಮೂರನೆಯ ಕಾರಣ ನೀರು. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟುವ ನೊಯ್ಯಲ್ ನದಿ ತಿರುಪ್ಪೂರಿಗೆ ಬರುವ ಹೊತ್ತಿಗೆ ಬಣ್ಣದ ಕಾರ್ಖಾನೆಗಳ ತ್ಯಾಜ್ಯದಿಂದ ಕೆಟ್ಟಿತ್ತು. ಕೆಳಗಿನ ಹೊಲಗಳಿಗೆಂದು 1992ರಲ್ಲಿ ಕಟ್ಟಿದ ಒರತ್ತುಪಾಳಯಂ ಅಣೆಕಟ್ಟೆಯಲ್ಲಿ ಬಣ್ಣದ ನೀರೇ ನಿಂತು, ಅದು ನೀರಾವರಿಗೂ ವಿಹಾರಕ್ಕೂ ಒದಗದೆ ಹೋಯಿತು. 2011ರ ಜನವರಿಯಲ್ಲಿ ಮದರಾಸು ಹೈಕೋರ್ಟು ಬಣ್ಣದ ಘಟಕಗಳನ್ನು ಮುಚ್ಚಿಸಿದ ಮೇಲೆ ತ್ಯಾಜ್ಯವನ್ನು ಹೊರಬಿಡದ ಶುದ್ಧೀಕರಣ ಕ್ರಮ ಕಡ್ಡಾಯವಾಯಿತು. ಬೇರೆ ಅಣೆಕಟ್ಟೆಗಳ ಬುಡದಲ್ಲಿ ತೋಟಗಳು ಅರಳಿದ ನಾಡಿನಲ್ಲೇ ಒಂದು ಅಣೆಕಟ್ಟೆ ಹೀಗೆ ಜನರಿಂದ ದೂರವಾಯಿತು.

ಆದ್ದರಿಂದ ಜಿಲ್ಲೆಯ ವಿಹಾರತಾಣಗಳು ದಕ್ಷಿಣದ ಬೆಟ್ಟದಂಚಿನಲ್ಲೇ, ಅಮರಾವತಿ ಮತ್ತು ತಿರುಮೂರ್ತಿಯ ಸುತ್ತ ಗುಂಪುಗೂಡಿವೆ. ನಗರದ ಪಕ್ಕದ ನಂಜರಾಯನ್ ಕೆರೆ ಇದಕ್ಕೆ ಹೊಸ ಸೇರ್ಪಡೆ. 2022ರಲ್ಲಿ ಪಕ್ಷಿಧಾಮವೆಂದು ಘೋಷಿತವಾದ ಈ ಕೆರೆ 2024ರಲ್ಲಿ ಮಹತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು.

ಸುರಕ್ಷತೆ ಮತ್ತು ತೆರಿಗೆ

ಯಂತ್ರದಾಟಗಳ ವಿನ್ಯಾಸ, ಸ್ಥಾಪನೆ ಮತ್ತು ನಿರ್ವಹಣೆಗೆ ಭಾರತೀಯ ಮಾನಕ ಬ್ಯೂರೋ ಐಎಸ್ 15475 ಎಂಬ ಮಾನಕವನ್ನು ರೂಪಿಸಿದೆ. ಬಾಗಿಲು ತೆರೆಯುವ ಮೊದಲು ದಿನವೂ ಖಾಲಿ ಆಟಗಳನ್ನು ಓಡಿಸಿ ನೋಡುವುದು, ಎತ್ತರ ಮತ್ತು ತೂಕದ ಮಿತಿ ಪಾಲಿಸುವುದು, ಜೀವರಕ್ಷಕರನ್ನು ಕೊಳದ ದಡದಲ್ಲಿ ಇರಿಸುವುದು ಉದ್ಯಮದ ಮೂಲ ನಿಯಮಗಳು. 2016ರಲ್ಲಿ ಚೆನ್ನೈ ಬಳಿಯ ಕಿಷ್ಕಿಂಧದಲ್ಲಿ ಯಂತ್ರವೊಂದನ್ನು ಓಡಿಸಿ ಪರೀಕ್ಷಿಸುತ್ತಿದ್ದಾಗ ಅದು ಕುಸಿದು ನೌಕರನೊಬ್ಬ ಸತ್ತದ್ದು ಪರಿಶೀಲನೆಯ ಅಗತ್ಯವನ್ನು ಎತ್ತಿ ತೋರಿಸಿತು. ಕಾಯಂ ಪಾರ್ಕುಗಳಿಗಿಂತ ಜಾತ್ರೆಯ ಸಂಚಾರಿ ಆಟಗಳ ಮೇಲೆ ನಿಗಾ ಇಡುವುದು ಕಷ್ಟ. ಅವನ್ನು ಪ್ರತಿ ಊರಲ್ಲೂ ಬಿಚ್ಚಿ ಮತ್ತೆ ಜೋಡಿಸಲಾಗುತ್ತದೆ.

2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಥೀಮ್ ಪಾರ್ಕು ಮತ್ತು ವಾಟರ್ ಪಾರ್ಕುಗಳ ಪ್ರವೇಶಕ್ಕೆ ಶೇ. 28ರ ದರ ವಿಧಿಸಲಾಯಿತು. ಉದ್ಯಮದ ಒತ್ತಾಯದ ನಂತರ 2018ರ ಜನವರಿಯಲ್ಲಿ ಅದನ್ನು ಶೇ. 18ಕ್ಕೆ ಇಳಿಸಲಾಯಿತು. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣ ಪಾರ್ಕುಗಳು ಮುಚ್ಚಿ, ವರ್ಷದ ಗಳಿಕೆಯ ತಿಂಗಳುಗಳಾದ ಏಪ್ರಿಲ್, ಮೇ ಕೈತಪ್ಪಿದವು.

ನೀರು ಮತ್ತು ಕಾಡು

ಬೆಟ್ಟದ ಬುಡವೇ ಪಾರ್ಕುಗಳಿಗೆ ಬೇಕಾದ ಜಾಗ. ಆನೆಗಳ ಓಡಾಟದ ಜಾಗವೂ ಅದೇ. ಮೇಟ್ಟುಪಾಳಯದ ಮೇಲಿನ ಕಲ್ಲಾರ್ ಆನೆ ಕಾರಿಡಾರ್ ನೀಲಗಿರಿಯ ಕಾಡನ್ನು ಕೊಯಮತ್ತೂರಿನ ಪಶ್ಚಿಮದ ಕಾಡುಗಳಿಗೆ ಕೂಡಿಸುವ ಇಕ್ಕಟ್ಟಿನ ದಾರಿ. ಊಟಿಯ ಹೆದ್ದಾರಿಯೂ ಬೆಟ್ಟದ ರೈಲೂ ಅದನ್ನು ಹಾದುಹೋಗುತ್ತವೆ. ಬೆಟ್ಟದಂಚಿನ ಹಳ್ಳಿಗಳಲ್ಲಿ ಹೊಸ ಕಟ್ಟಡಗಳಿಗೆ ಕಡಿವಾಣ ಹಾಕಲು ತಮಿಳುನಾಡು ಸರ್ಕಾರ 1990ರಲ್ಲಿ ಬೆಟ್ಟಪ್ರದೇಶ ಸಂರಕ್ಷಣಾ ಪ್ರಾಧಿಕಾರವನ್ನು ರಚಿಸಿತು. ರೆಸಾರ್ಟು, ಶಿಕ್ಷಣ ಸಂಸ್ಥೆ, ಬಡಾವಣೆಗಳ ವಿಸ್ತರಣೆ ಈ ನಿಯಮಗಳೊಂದಿಗೆ ಆಗಾಗ ಘರ್ಷಣೆಗೆ ಬಂದಿದೆ.

ಪ್ರವಾಸಿಗರ ಸಂಖ್ಯೆಗೂ ಮಿತಿ ಬಂದಿದೆ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯಲ್ಲಿ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಮದರಾಸು ಹೈಕೋರ್ಟಿನ ಆದೇಶದಂತೆ 2024ರ ಮೇಯಿಂದ ನೀಲಗಿರಿಗೆ ಹೋಗುವ ಪ್ರವಾಸಿ ವಾಹನಗಳು ಇ-ಪಾಸ್ ಪಡೆಯಬೇಕು. ಬೆಟ್ಟದ ಮೇಲೆ ಜಾಗವಿಲ್ಲದ ದಿನಗಳಲ್ಲಿ ಬುಡದ ತಾಣಗಳ ಮೇಲೆ ಒತ್ತಡ ಸಹಜವಾಗಿಯೇ ಏರುತ್ತದೆ.

ಕೊಯಮತ್ತೂರು ಕುಡಿಯುವ ನೀರಿಗೆ ಸಿರುವಾಣಿ ಮತ್ತು ಪಿಲ್ಲೂರು ಯೋಜನೆಗಳನ್ನು ನಂಬಿದೆ. ತಿರುಪ್ಪೂರಿಗೆ ಭವಾನಿಯ ನೀರನ್ನು ಕೊಳವೆಯಲ್ಲಿ ತರಲಾಗುತ್ತದೆ. ಮಳೆ ಕೈಕೊಟ್ಟ ವರ್ಷ ಮೊದಲು ಹೊಲ, ಆಮೇಲೆ ನಲ್ಲಿ ಒಣಗುತ್ತದೆ. ಪಾರ್ಕುಗಳು ನೀರನ್ನು ಶುದ್ಧಗೊಳಿಸಿ ಮರುಬಳಸಿದರೂ ಬಿಸಿಲಿಗೆ ಆರಿಹೋಗುವ, ಫಿಲ್ಟರು ತೊಳೆಯಲು ಹೋಗುವ ನೀರನ್ನು ತುಂಬುತ್ತಲೇ ಇರಬೇಕು. ಜನ ನೀರಿಗೆ ಹಾತೊರೆಯುವ ತಿಂಗಳುಗಳೇ ನೀರು ಕಡಿಮೆಯಿರುವ ತಿಂಗಳುಗಳು ಎಂಬುದು ಈ ಉದ್ಯಮದ ಕಾಯಂ ಇಕ್ಕಟ್ಟು.

ಈಚಿನ ಸ್ಥಿತಿ

2009ರಿಂದ ಈಚೆಗೆ ಕೊಯಮತ್ತೂರಿನಲ್ಲಿ ಬ್ರೂಕ್‌ಫೀಲ್ಡ್ಸ್, ಫನ್ ರಿಪಬ್ಲಿಕ್, ಪ್ರೋಜೋನ್ ಮೊದಲಾದ ಮಾಲುಗಳು ಬಂದು, ಬಂಪರ್ ಕಾರು, ವಿಡಿಯೊ ಗೇಮುಗಳಂಥ ಆಟಗಳು ಹವಾನಿಯಂತ್ರಿತ ಕೋಣೆಗಳಿಗೆ ಸರಿದವು. 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿಗೆ ಸೇರಿದ ಕೊಯಮತ್ತೂರು, ಉಕ್ಕಡಂ ದೊಡ್ಡಕೆರೆ, ವಾಲಾಂಕುಳಂ ಮೊದಲಾದ ಹಳೆಯ ಕೆರೆಗಳ ಏರಿಯ ಮೇಲೆ ನಡಿಗೆ ಹಾದಿ, ದೀಪಾಲಂಕಾರ, ಆಟದ ಸೌಕರ್ಯಗಳನ್ನು ಕಲ್ಪಿಸಿದೆ. ನೊಯ್ಯಲ್ ನೀರಿನಿಂದ ತುಂಬುತ್ತಿದ್ದ ಈ ಕೆರೆಗಳು ಊರಿನ ನಡುವೆಯೇ ಇವೆ.

ಈ ಸೀಮೆಯ ವಿನೋದ ತಾಣಗಳಲ್ಲಿ ದೀರ್ಘಕಾಲ ಬಾಳಿದವು ದೇವಸ್ಥಾನದ ಬಯಲುಗಳು ಮತ್ತು ಅಣೆಕಟ್ಟೆಯ ತೋಟಗಳು. ಟಿಕೆಟ್ಟಿನ ದರ ಕಡಿಮೆಯಿದ್ದದ್ದು, ನೀರು ಬೇರೊಂದು ಕೆಲಸಕ್ಕೆ ಮೊದಲೇ ಅಲ್ಲಿದ್ದದ್ದು ಅವುಗಳ ಬಲ. ಖಾಸಗಿ ವಾಟರ್ ಪಾರ್ಕುಗಳು ಕಡಲಿಲ್ಲದ ನಾಡಿಗೆ ಅಲೆಯನ್ನು ತಂದುಕೊಟ್ಟವು. ಆದರೆ ಅವುಗಳ ಆಯುಸ್ಸು ಯಂತ್ರಗಳಿಗಿಂತ ಹೆಚ್ಚಾಗಿ ಭವಾನಿ ಮತ್ತು ನೊಯ್ಯಲ್ ಕಣಿವೆಗಳ ಮಳೆಯನ್ನೂ ಅಂತರ್ಜಲವನ್ನೂ ಅವಲಂಬಿಸಿದೆ.